ಬೇಟೆಗೆ ಎದ್ದು ಕಾಣುವ ಉಡುಪು: ದಿನವಿಡೀ ಮೈಮೇಲೆ ಉಳಿಯುವಂಥದ್ದನ್ನು ಆರಿಸುವ ಕ್ರಮ

ಪ್ರಾಣಿಯೆಂದು ಭ್ರಮಿಸಿ ಇನ್ನೊಬ್ಬರು ಗುಂಡು ಹಾರಿಸದಿರಲೆಂದು ಬೇಟೆಗೆ ಹೋಗುವವರು ಎದ್ದು ಕಾಣುವ ಕಿತ್ತಳೆ ವೆಸ್ಟ್, ಅಂದರೆ ತೋಳಿಲ್ಲದ ಮೇಲಂಗಿ, ತೊಡುತ್ತಾರೆ; ಹಲವು ಕಡೆ ಅದು ನಿಯಮವೂ ಹೌದು. ಆದರೆ ನಸುಕಿನಲ್ಲಿ ತೊಟ್ಟು ಹೊರಟ ವೆಸ್ಟ್ ಹತ್ತು ಗಂಟೆಯ ಹೊತ್ತಿಗೆ ಬೆನ್ನಚೀಲದೊಳಗೆ ಸೇರಿರುತ್ತದೆ. ಏರು ಹತ್ತಿ ಬೆವರು ಸುರಿಯಿತೆಂದು ಒಬ್ಬರು ಕಳಚಿರುತ್ತಾರೆ, ಕುತ್ತಿಗೆಗೆ ಉಜ್ಜುತ್ತದೆಂದು ಇನ್ನೊಬ್ಬರು, ನಡೆದಾಗ ಸರಬರ ಸದ್ದು ಮಾಡುತ್ತದೆಂದು ಮತ್ತೊಬ್ಬರು. ಚಳಿ ತಡೆಯದೆ ಅದರ ಮೇಲೆಯೇ ಜಾಕೆಟ್ ಏರಿಸಿದವರು, ಮಳೆ ಬಂತೆಂದು ಕಂದು ರೇನ್‌ಕೋಟ್ ಹೊದ್ದವರು ಬೇರೆ. ಪ್ರತಿ ಹಂಗಾಮಿನಲ್ಲೂ ಇದೇ ತಪ್ಪು ಮರುಕಳಿಸುತ್ತದೆ. ಇವರೆಲ್ಲ ನಿಯಮ ತಿಳಿದವರೇ, ಹಣ ಕೊಟ್ಟು ಉಡುಪು ಕೊಂಡವರೇ. ಕೊಂಡ ಕ್ರಮ ಮಾತ್ರ ತಪ್ಪಿತ್ತು: ಮೊದಲು ಕಿತ್ತಳೆ ವೆಸ್ಟ್ ಕೊಂಡು, ಆಮೇಲೆ ಉಳಿದ ಬಟ್ಟೆಗಳನ್ನೆಲ್ಲ ಅದರೊಳಗೆ ತುರುಕಲು ನೋಡಿದ್ದರು.

ಈ ಕ್ರಮವನ್ನು ತಿರುಗಿಸಬೇಕು. ಹವೆ, ನಡಿಗೆ, ಒಳಪದರ, ಬೆನ್ನಚೀಲ ಇವೆಲ್ಲ ತೀರ್ಮಾನವಾದ ಮೇಲೆ ಕಿತ್ತಳೆ ಬಟ್ಟೆಯ ಸರದಿ ಬರಬೇಕು. ಕೊಳ್ಳುವಾಗ ಅದು ಕೊನೆಯದು, ತೊಡುವಾಗಲೂ ಎಲ್ಲಕ್ಕಿಂತ ಮೇಲಿನದು. ಮೈಗೆ ಹಿತವಾಗಿ ಕೂರದ ಉಡುಪನ್ನು ಯಾರೂ ಹತ್ತು ಗಂಟೆ ಕಾಲ ಹೊತ್ತು ತಿರುಗುವುದಿಲ್ಲ. ಹಾಗಾಗಿ ಇಲ್ಲಿ ಹಿತವೆಂದರೆ ಸುರಕ್ಷತೆಯ ಮಾತೇ.

ಪರವಾನಗಿ ಪಡೆದು ಬಂದೂಕಿನಿಂದ ಬೇಟೆಯಾಡಲು ಕಾನೂನು ಅವಕಾಶ ಕೊಡುವ ಕಡೆಗಳಲ್ಲಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಬೇಟೆಯ ಹಂಗಾಮಿನಲ್ಲಿ ಅದೇ ಕಾಡುಗಳಿಗೆ ನಡೆದಾಡಲು ಹೋಗುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪ್, ಆರು ಎ4 ಹಾಳೆ, ಕ್ಯಾಮೆರಾ ಇರುವ ಮೊಬೈಲ್, ಬಂದೂಕಿನ ಬದಲಿಗೆ ಹಿಡಿಯಲು ಒಂದು ಕೋಲು. ಬೇಟೆಗೆ ತೊಡುವ ಅಷ್ಟೂ ಬಟ್ಟೆ ಮತ್ತು ನಿಜವಾಗಿ ಒಯ್ಯುವಷ್ಟೇ ತುಂಬಿದ ಬೆನ್ನಚೀಲ ಜೊತೆಗಿರಲಿ. ಸಣ್ಣ ಅತಿನೇರಳೆ ಟಾರ್ಚ್ ಸಿಕ್ಕರೆ ಒಳ್ಳೆಯದು. ಕೊನೆಯ ಪರೀಕ್ಷೆಗೆ ಇನ್ನೊಬ್ಬರ ಕಣ್ಣು ಬೇಕು, ಅವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

1. ನಿಯಮ ಓದಿ, ಅಳತೆ ಬರೆದಿಟ್ಟುಕೊಳ್ಳಿ

ಎಷ್ಟು ಬಣ್ಣ, ಮೈಯ ಯಾವ ಭಾಗದಲ್ಲಿ, ಯಾವ ಪ್ರಾಣಿಯ ಹಂಗಾಮಿನಲ್ಲಿ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಬಂದೂಕಿನಿಂದ ಜಿಂಕೆ, ಎಲ್ಕ್‌ನಂಥ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಸೊಂಟದಿಂದ ಮೇಲೆ ಕನಿಷ್ಠ 500 ಚದರ ಇಂಚು ಬಣ್ಣ ತೊಡಬೇಕು, ಅದರಲ್ಲಿ ಎಲ್ಲ ದಿಕ್ಕಿನಿಂದ ಕಾಣುವ ಟೋಪಿಯೂ ಇರಬೇಕು. ಪೆನ್ಸಿಲ್ವೇನಿಯಾದಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು. ವಿಸ್ಕಾನ್ಸಿನ್ ಇದನ್ನು ಚದರ ಇಂಚಿನಲ್ಲಿ ಹೇಳದೆ, ಸೊಂಟದ ಮೇಲಿನ ಹೊರ ಉಡುಪಿನ ಅರ್ಧ ಭಾಗ ಎನ್ನುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಬೆನ್ನು, ಭುಜ, ಎದೆಯ ಮೇಲೆ 2,580 ಚದರ ಸೆಂಟಿಮೀಟರ್. ಫ್ರಾನ್ಸ್‌ನಲ್ಲಿ ಗುಂಪಾಗಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರಿಗೆ ಮಿರುಗುವ ಬಣ್ಣದ ವೆಸ್ಟ್ ಕಡ್ಡಾಯವೆಂದು 2019ರ ಕಾನೂನು ಹೇಳುತ್ತದೆ.

ಇವನ್ನು ಮಾದರಿಗೆಂದು ಕೊಟ್ಟಿದ್ದೇನೆ. ನಿಮ್ಮ ಪ್ರದೇಶದ ವನ್ಯಜೀವಿ ಇಲಾಖೆಯ ಈ ಹಂಗಾಮಿನ ನಿಯಮ ಪುಸ್ತಿಕೆಯನ್ನೇ ಓದಿ. ಹೋದ ವರ್ಷದ್ದು ಬೇಡ, ಗೆಳೆಯರು ಹೇಳಿದ್ದೂ ಬೇಡ. ಮೂರು ಸಾಲುಗಳನ್ನು ಹುಡುಕಿ: ಕನಿಷ್ಠ ಅಳತೆ ಎಷ್ಟು, ಟೋಪಿ ಕಡ್ಡಾಯವೇ, ಎಲೆ ಚಿತ್ತಾರದ ಕಿತ್ತಳೆ ಲೆಕ್ಕಕ್ಕೆ ಬರುತ್ತದೆಯೇ. ಕೊಲರಾಡೊದಂಥ ಕಡೆಗಳಲ್ಲಿ ಚಿತ್ತಾರದ ಬಟ್ಟೆಯನ್ನು ಒಪ್ಪುವುದಿಲ್ಲ.

ಚದರ ಇಂಚು ಎಂದರೆ ಕಣ್ಣಿಗೆ ಏನೂ ಹೊಳೆಯುವುದಿಲ್ಲ. ಎ4 ಹಾಳೆ ಇಟ್ಟುಕೊಳ್ಳಲು ಹೇಳಿದ್ದು ಇದಕ್ಕೇ. ಒಂದು ಹಾಳೆ ಸುಮಾರು 97 ಚದರ ಇಂಚು, ಅಂದರೆ 624 ಚದರ ಸೆಂಟಿಮೀಟರ್. ವೆಸ್ಟನ್ನು ನೆಲದ ಮೇಲೆ ಹರಡಿ ಹಾಳೆಗಳನ್ನು ಮೇಲಿಟ್ಟು ನೋಡಿ. 250 ಚದರ ಇಂಚಿಗೆ ಎರಡೂವರೆಗಿಂತ ತುಸು ಹೆಚ್ಚು ಹಾಳೆ, 500ಕ್ಕೆ ಐದಕ್ಕಿಂತ ತುಸು ಹೆಚ್ಚು, ಕ್ವಿಬೆಕ್‌ನ ಅಳತೆಗೆ ನಾಲ್ಕಕ್ಕಿಂತ ತುಸು ಹೆಚ್ಚು ಹಿಡಿಸಬೇಕು. ಕಪ್ಪು ಜೇಬು, ಕಂದು ಭುಜಪಟ್ಟಿ, ದೊಡ್ಡ ಲಾಂಛನ ಇರುವ ಜಾಗವನ್ನು ಕಳೆಯಿರಿ. ಅಂಗಡಿಯಲ್ಲಿ ಪೂರ್ತಿ ಕಿತ್ತಳೆಯಂತೆ ಕಂಡದ್ದು ಹೀಗೆ ಅಳೆದಾಗ ಕೊರತೆ ಬೀಳುವುದನ್ನು ಹಲವು ಸಲ ನೋಡಿದ್ದೇನೆ.

ಕನಿಷ್ಠ ಅಳತೆಗೆ ನಿಲ್ಲಬೇಡಿ ಎಂಬುದು ನನ್ನ ಸಲಹೆ. ನಿಯಮ 250 ಎಂದರೂ ಎದೆ, ಬೆನ್ನು, ಎರಡೂ ಪಕ್ಕೆ, ತಲೆ ಐದೂ ಕಡೆ ಬಣ್ಣ ಇರಲಿ. ನಿಮ್ಮನ್ನು ನೋಡುವವರು ಎಲ್ಲಿ ನಿಂತಿರುತ್ತಾರೆಂದು ನೀವು ಆರಿಸಲಾಗದು.

2. ಬಣ್ಣ ಆರಿಸಿ

ಬೇಟೆಯ ಕಿತ್ತಳೆ ಮಾಮೂಲಿ ಕಿತ್ತಳೆಯಲ್ಲ. ಅದರಲ್ಲಿರುವ ಫ್ಲೋರೆಸೆಂಟ್ ವರ್ಣದ್ರವ್ಯ ಅತಿನೇರಳೆ ಮತ್ತು ನೀಲಿ ಬೆಳಕನ್ನು ಹೀರಿ, ಅದನ್ನು ಕಿತ್ತಳೆಯಾಗಿ ಹೊರಸೂಸುತ್ತದೆ. ಮೋಡ ಕವಿದ ಹಗಲು, ನಸುಕು, ಮುಸ್ಸಂಜೆಗಳಲ್ಲಿ ಸುತ್ತಲಿನದೆಲ್ಲ ಮಂಕಾದರೂ ಇದು ಉರಿದಂತೆ ಕಾಣುವುದು ಅದರಿಂದಲೇ. ಸಾಮಾನ್ಯ ಕಿತ್ತಳೆ ಟೀ ಶರ್ಟ್ ಬಿಸಿಲಿನಲ್ಲಿ ಚೆನ್ನಾಗಿ ಕಂಡರೂ ಸಂಜೆಗೆ ಒಣಗಿದ ಎಲೆಯ ಬಣ್ಣಕ್ಕೆ ಇಳಿಯುತ್ತದೆ.

ಆದರೆ ಫ್ಲೋರೆಸೆಂಟ್ ಬಟ್ಟೆ ಕತ್ತಲಲ್ಲಿ ತಾನಾಗಿ ಬೆಳಗುವುದಿಲ್ಲ. ಬೆಳಕು ಪೂರ್ತಿ ಹೋದ ಮೇಲೆ ದಾರಿ ಹಿಡಿದು ಮರಳುವಾಗ ಟಾರ್ಚ್ ಉರಿಯುತ್ತಿರಬೇಕು. ಬೆಳ್ಳಿ ಬಣ್ಣದ ಪ್ರತಿಫಲಕ ಪಟ್ಟಿಯೂ ಎದುರಿನವರ ದೀಪ ತನ್ನ ಮೇಲೆ ಬಿದ್ದಾಗ ಮಾತ್ರ ಹೊಳೆಯುತ್ತದೆ.

ಗುಲಾಬಿ ಬಣ್ಣವನ್ನು ವಿಸ್ಕಾನ್ಸಿನ್ 2016ರಲ್ಲಿ ಒಪ್ಪಿಕೊಂಡಿತು, ಆಮೇಲೆ ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. ನಿಯಮ ಒಪ್ಪಿದರೆ ಮಿರುಗುವ ಗುಲಾಬಿಯೂ ಚೆನ್ನಾಗಿಯೇ ಕಾಣುತ್ತದೆ. ರಸ್ತೆ ಕೆಲಸದವರ ಹಳದಿ-ಹಸಿರು ವೆಸ್ಟನ್ನು ಮಾತ್ರ ಬೇಟೆಗೆ ಎತ್ತಿಕೊಂಡು ಹೋಗಬೇಡಿ. ಹಲವು ಕಡೆ ಅದು ನಿಯಮದ ಲೆಕ್ಕಕ್ಕೆ ಬರುವುದಿಲ್ಲ. ಹಳದಿಯಾದ ಎಲೆಗಳ ನಡುವೆ ಅದು ಬೆರೆತೂ ಹೋಗುತ್ತದೆ.

ಪ್ರಾಣಿಗೆ ಕಾಣುತ್ತದಲ್ಲ ಎಂಬ ಅಂಜಿಕೆಯಿಂದ ಬಣ್ಣ ಕಳಚುವವರೂ ಇದ್ದಾರೆ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆ, ನಮ್ಮಲ್ಲಿ ಮೂರು. ಕಿತ್ತಳೆಯನ್ನು ಅದು ಹಸಿರಿನಿಂದ ಬೇರೆಯಾಗಿ ಕಾಣುವುದು ಕಷ್ಟ. ಅದು ಮೊದಲು ಗಮನಿಸುವುದು ಅಲುಗಾಟವನ್ನು. ಹಕ್ಕಿಗಳ ವಿಷಯ ಬೇರೆ: ಟರ್ಕಿ ಕೋಳಿಗೆ, ಬಾತುಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ಆ ಬೇಟೆಯ ನಿಯಮವನ್ನು ಪ್ರತ್ಯೇಕವಾಗಿ ಓದಿ.

3. ಒಳಪದರಗಳನ್ನು ಮೊದಲು ನಿರ್ಧರಿಸಿ

ಮೈಗೆ ತಾಗುವ ಬನಿಯನ್ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರ್‌ನದೋ ಆಗಿರಲಿ. ಚಳಿಯಲ್ಲಿ ಹತ್ತಿ ಬೇಡ. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಡಿಗೆ ನಿಲ್ಲಿಸಿ ಕುಳಿತ ಕೂಡಲೇ ಅದೇ ತೇವ ಮೈಯ ಬಿಸಿಯನ್ನು ಸೆಳೆಯುತ್ತದೆ. ಅದರ ಮೇಲೆ ಉಣ್ಣೆಯ ಅಥವಾ ಫ್ಲೀಸ್‌ನ ಅಂಗಿ, ಗಾಳಿ ಹೆಚ್ಚಿದ್ದರೆ ಇನ್ನೊಂದು ಪದರ.

ಹಂಗಾಮಿನ ಅತಿ ಚಳಿಯ ಬೆಳಗನ್ನು ನೆನೆದು ಆ ದಿನ ಎಷ್ಟು ಪದರ ತೊಡುತ್ತೀರೋ ಅಷ್ಟನ್ನೂ ತೆಗೆದಿಡಿ. ಅತಿ ಬೆಚ್ಚನೆಯ ಮಧ್ಯಾಹ್ನ ಏನು ಉಳಿಯುತ್ತದೆ ಎಂಬುದನ್ನೂ ಗುರುತಿಸಿ. ನೀವು ಕೊಳ್ಳುವ ಕಿತ್ತಳೆ ಉಡುಪು ಈ ಎರಡೂ ತುದಿಗೆ ಹೊಂದಬೇಕು.

ಎಚ್ಚರಿಕೆಯ ಸುಳಿವು ಒಂದಿದೆ. ಕಾರಿನ ಬಳಿ ನಿಂತಾಗಲೇ ಬೆಚ್ಚಗೆ ಅನ್ನಿಸಿದರೆ ಅರ್ಧ ಗಂಟೆಯ ಏರಿಗೆ ಬೆವರು ಖಂಡಿತ, ಬೆವರಿದ ಮೇಲೆ ಮೊದಲು ಕಳಚುವುದು ಹೊರಗಿನದನ್ನೇ. ತುಸು ಚಳಿ ಅನ್ನಿಸುವಾಗಲೇ ನಡಿಗೆ ಶುರುಮಾಡಿ. ದಪ್ಪ ಪದರ ಚೀಲದಲ್ಲಿರಲಿ, ಕುಳಿತಾಗ ಕಿತ್ತಳೆಯ ಒಳಗೆ ಸೇರಿಸಿಕೊಳ್ಳಿ.

4. ವೆಸ್ಟ್ ಬೇಕೋ, ಜಾಕೆಟ್ ಬೇಕೋ ತೀರ್ಮಾನಿಸಿ

ಬಹುಪಾಲು ಜನರಿಗೆ ನಾನು ಹೇಳುವುದು ಸಡಿಲವಾದ, ಪಕ್ಕೆಯಲ್ಲಿ ಪಟ್ಟಿ ಎಳೆದು ಹೊಂದಿಸಬಹುದಾದ ವೆಸ್ಟ್. ಒಳಗೆ ಪದರ ಏರಿದರೂ ಇಳಿದರೂ ಅದು ಮೇಲೆಯೇ ಉಳಿಯುತ್ತದೆ. ಕಿತ್ತಳೆ ಜಾಕೆಟ್ ಬೆಚ್ಚಗಿರುತ್ತದೆ, ತೋಳಿನ ಮೇಲೂ ಬಣ್ಣ ಕೊಡುತ್ತದೆ. ಆದರೆ ಬಿಸಿಲೇರಿ ಅದನ್ನು ಕಳಚಿದ ಗಳಿಗೆಯಿಂದ ಮೈಮೇಲೆ ಬಣ್ಣವೇ ಇರುವುದಿಲ್ಲ. ಕದಲದೆ ಗಂಟೆಗಟ್ಟಲೆ ಕಾಯುವ ಬೇಟೆಗೆ ಮಾತ್ರ ಜಾಕೆಟ್ ಆರಿಸಿ, ಆಗಲೂ ಚೀಲದಲ್ಲಿ ತೆಳು ವೆಸ್ಟ್ ಇಡಿ.

ಬಟ್ಟೆಯ ಸದ್ದನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ಅಂಗಡಿಯಲ್ಲಿ ಬಟ್ಟೆಯ ಮೇಲೆ ಉಗುರು ಎಳೆಯಿರಿ, ಎರಡು ಮಡಿಕೆಗಳನ್ನು ಕಿವಿಯ ಪಕ್ಕ ಉಜ್ಜಿ. ಗಟ್ಟಿ ನೈಲಾನ್, ಪಿವಿಸಿ ಲೇಪದ ಬಟ್ಟೆ ಕೀರಲು ಸದ್ದು ಮಾಡುತ್ತದೆ. ಫ್ಲೀಸ್, ಉಣ್ಣೆ, ಮೇಲ್ಮೈ ಮೃದುಗೊಳಿಸಿದ ಹೆಣಿಗೆಯ ಪಾಲಿಯೆಸ್ಟರ್ ಬಹುತೇಕ ಮೌನ. ಮುಳ್ಳುಪೊದೆಯ ನಡುವೆ ನಡೆಯಬೇಕಿದ್ದರೆ ಲೆಕ್ಕ ತಿರುಗುತ್ತದೆ. ಫ್ಲೀಸ್ ಮುಳ್ಳಿಗೆ ಸಿಕ್ಕಿ ಎಳೆ ಬಿಡುತ್ತದೆ, ಅಲ್ಲಿ ಬಿಗಿ ನೇಯ್ಗೆಯ ಬಟ್ಟೆಯ ಸದ್ದನ್ನು ಸಹಿಸಿಕೊಳ್ಳುವುದೇ ಲೇಸು.

ಬಲೆಯಂಥ ತೂತು ಬಟ್ಟೆಯ ಅಗ್ಗದ ವೆಸ್ಟ್ ಸೆಕೆಗೆ ಹಿತ. ಆದರೆ ತೂತುಗಳ ಮೂಲಕ ಒಳಗಿನ ಕಪ್ಪು ಅಂಗಿ ಇಣುಕಿ, ದೂರದಿಂದ ಬಣ್ಣ ಮಂಕಾಗುತ್ತದೆ. ರೆಂಬೆಗೂ ಸಿಕ್ಕಿಕೊಳ್ಳುತ್ತದೆ. ಎದೆ ಮತ್ತು ಬೆನ್ನು ಗಟ್ಟಿ ಬಟ್ಟೆ, ಕಂಕುಳ ಕೆಳಗೆ ಮಾತ್ರ ಬಲೆ ಇರುವಂಥದ್ದು ಸಿಕ್ಕರೆ ಅದು ಎರಡಕ್ಕೂ ಒದಗುತ್ತದೆ.

5. ತೊಟ್ಟು, ಬಗ್ಗಿ, ಕುಳಿತು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಸರಿಯಾಗಿದೆ ಎಂದು ಹಣ ಕೊಟ್ಟು ಬರುತ್ತಾರೆ. ಕಾಡಿನಲ್ಲಿ ಯಾರೂ ಹಾಗೆ ನಿಂತಿರುವುದಿಲ್ಲ.

ಮೂರನೆಯ ಹಂತದಲ್ಲಿ ತೆಗೆದಿಟ್ಟ ಅಷ್ಟೂ ಪದರ ತೊಟ್ಟು, ಅದರ ಮೇಲೆ ಉಡುಪು ಹಾಕಿ, ಗುಂಡಿ ಜಿಪ್ ಎಲ್ಲ ಬಿಗಿಯಿರಿ. ಎರಡೂ ಕೈ ಮೇಲೆತ್ತಿ. ಅಂಚು ಹೊಟ್ಟೆಯ ಮೇಲಕ್ಕೆ ಏರಿದರೆ ಉದ್ದ ಸಾಲದು. ಕೈಗಳನ್ನು ಮುಂದಕ್ಕೆ ಚಾಚಿ ಎದೆಗೆ ಅಡ್ಡಲಾಗಿ ಕಟ್ಟಿಕೊಳ್ಳಿ. ಬೆನ್ನು ಎಳೆದರೆ ಒಂದು ಅಳತೆ ದೊಡ್ಡದು ಬೇಕು. ಕುಕ್ಕರಗಾಲಿನಲ್ಲಿ ಕುಳಿತು ಎರಡು ನಿಮಿಷ ಹಾಗೆಯೇ ಇರಿ. ಕೊರಳಪಟ್ಟಿ ಗಂಟಲಿಗೆ ಒತ್ತುತ್ತದೆಯೇ, ಜಿಪ್ಪಿನ ತುದಿ ಗಲ್ಲಕ್ಕೆ ಚುಚ್ಚುತ್ತದೆಯೇ ಎಂಬುದು ಆಗ ತಿಳಿಯುತ್ತದೆ.

ಈಗ ಕೋಲನ್ನು ಬಂದೂಕಿನಂತೆ ಭುಜಕ್ಕೇರಿಸಿ. ಕಣ್ಣು ಮುಚ್ಚಿ ಹತ್ತು ಸಲ ಏರಿಸಿ ಇಳಿಸಿ. ಕೋಲಿನ ತುದಿ ಎದೆಯ ಜೇಬಿನ ಮಡಿಕೆಗೆ, ದಪ್ಪ ಹೊಲಿಗೆಗೆ, ಪಟ್ಟಿಯ ಕೊಂಡಿಗೆ ಒಂದೇ ಒಂದು ಸಲ ಸಿಕ್ಕಿಕೊಂಡರೂ ಆ ಉಡುಪು ಬೇಡ. ಬಂದೂಕಿನ ಹಿಂಭಾಗ ಭುಜದಲ್ಲಿ ಸರಿಯಾಗಿ ಕೂರದಿದ್ದರೆ ಗುರಿ ತಪ್ಪುತ್ತದೆ, ಹಿಮ್ಮೆಟ್ಟಿನ ಏಟೂ ಬೇಡದ ಕಡೆ ಬೀಳುತ್ತದೆ. ಭುಜದ ಮೆತ್ತೆ ಬಲಕ್ಕೆ ಮಾತ್ರ ಇರುವ ವೆಸ್ಟ್‌ಗಳೇ ಹೆಚ್ಚು, ಎಡಗೈಯವರು ಇದನ್ನು ನೋಡಿಕೊಳ್ಳಬೇಕು. ಮನೆಯಲ್ಲಿ ನಿಜವಾದ ಬಂದೂಕಿನಿಂದ ಇದನ್ನು ಮಾಡುವುದಾದರೆ ಗುಂಡು ಇಲ್ಲವೆಂದು ಎರಡು ಸಲ ತೆರೆದು ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ, ಬಾಯಿ ಸುರಕ್ಷಿತ ದಿಕ್ಕಿಗಿರಲಿ.

ಹೊಲಿಗೆಯನ್ನು ಬೆರಳಿಂದ ತಡವಿ. ಭುಜದ ಮೇಲೆ ಚೀಲದ ಪಟ್ಟಿ ಕೂರುವ ಜಾಗದಲ್ಲಿ ಉಬ್ಬಿದ ಹೊಲಿಗೆ ಇದ್ದರೆ ನಾಲ್ಕನೆಯ ಗಂಟೆಗೆ ಅಲ್ಲಿ ಚರ್ಮ ಕೆಂಪಾಗುತ್ತದೆ. ಕುತ್ತಿಗೆಯ ಹಿಂದಿನ ಅಂಗಡಿ ಚೀಟಿ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಮನೆಗೆ ತಂದ ದಿನವೇ ಹೊಲಿಗೆ ಬಿಚ್ಚಿ ತೆಗೆಯಿರಿ. ವೆಲ್ಕ್ರೊ ಬದಲು ಗುಂಡಿ ಅಥವಾ ಜಿಪ್ ಇರಲಿ, ಮೌನವಾದ ಕಾಡಿನಲ್ಲಿ ವೆಲ್ಕ್ರೊ ಕೀಳುವ ಸದ್ದು ಬಹಳ ದೂರ ಹೋಗುತ್ತದೆ.

6. ತಲೆ ಮತ್ತು ಕೈ

ನಿಮ್ಮ ನಿಯಮ ಕೇಳಲಿ, ಬಿಡಲಿ, ಕಿತ್ತಳೆ ಟೋಪಿ ಹಾಕಿ. ಆಳೆತ್ತರದ ಪೊದೆಯಲ್ಲಿ ವೆಸ್ಟ್ ಪೂರ್ತಿ ಮುಳುಗಿದಾಗ ಹೊರಗೆ ಕಾಣುವುದು ತಲೆ ಮಾತ್ರ. ಚಳಿಗೆ ಹೆಣೆದ ಕುಲಾವಿ, ಬಿಸಿಲಿಗೆ ಅಂಚಿರುವ ತೆಳು ಟೋಪಿ ಎಂದು ಎರಡು ಇಟ್ಟುಕೊಂಡರೆ ಕಳಚುವ ಪ್ರಸಂಗವೇ ಬಾರದು. ಜಾಕೆಟ್ಟಿನ ತಲೆಗವಸನ್ನು ಎಳೆದುಕೊಂಡರೆ ಟೋಪಿ ಮರೆಯಾಗುತ್ತದೆ, ಟೋಪಿ ಗವಸಿನ ಮೇಲಿರಲಿ.

ಕೈಗವಸೂ ಕಿತ್ತಳೆಯದಾದರೆ ಒಳ್ಳೆಯದು. ಬಿಳಿ ಕೈಗವಸು, ಬಿಳಿ ಕರವಸ್ತ್ರ ಜಿಂಕೆ ಬೇಟೆಗೆ ಅಪಾಯ. ಬಿಳಿಬಾಲದ ಜಿಂಕೆ ಓಡುವಾಗ ಬಾಲವನ್ನು ಬಿಳಿ ಬಾವುಟದಂತೆ ಎತ್ತುತ್ತದೆ, ಪೊದೆಯಾಚೆ ಮಿಂಚಿದ ಬಿಳಿಯನ್ನು ಆತುರದ ಕಣ್ಣು ಹಾಗೆಯೇ ಓದಬಹುದು. ಟರ್ಕಿ ಬೇಟೆಯಲ್ಲಿ ಕೆಂಪು, ಬಿಳಿ, ನೀಲಿ ಮೂರೂ ಬೇಡ. ಗಂಡು ಟರ್ಕಿಯ ತಲೆಯ ಬಣ್ಣಗಳು ಅವೇ. ಒಳಗಿನ ಅಂಗಿಯ ಕೊರಳು, ಕಾಲುಚೀಲದ ಅಂಚನ್ನೂ ಒಮ್ಮೆ ನೋಡಿಕೊಳ್ಳಿ.

7. ಬಣ್ಣವನ್ನು ಮುಚ್ಚುವ ವಸ್ತುಗಳನ್ನು ಹುಡುಕಿ

ಒಂದು ಸಂಜೆ ಜೊತೆಗಾರರೊಬ್ಬರು ನನಗಿಂತ ಎಂಬತ್ತು ಹೆಜ್ಜೆ ಮುಂದೆ ಇಳಿಜಾರಿನಲ್ಲಿ ಹೋಗುತ್ತಿದ್ದರು. ಅವರ ವೆಸ್ಟ್ ಹೊಸದು, ಬೆಳಗ್ಗೆ ಕಣ್ಣು ಕುಕ್ಕುವಂತಿತ್ತು. ಹಿಂದಿನಿಂದ ನನಗೆ ಕಂಡದ್ದು ಕಂದು ಬೆನ್ನಚೀಲ, ಅದರ ಮೇಲೆ ಸುತ್ತಿ ಕಟ್ಟಿದ ಬೂದು ಜಾಕೆಟ್. ಚೀಲದ ಎರಡು ಬದಿಯಲ್ಲಿ ಬೆರಳಗಲದ ಕಿತ್ತಳೆ ಗೆರೆ ಅಷ್ಟೇ ಉಳಿದಿತ್ತು. ಅವರು ಬಗ್ಗಿ ಪೊದೆಗೆ ನುಗ್ಗಿದಾಗ ಅದೂ ಇಲ್ಲವಾಯಿತು. ಕಾಡಿನ ಬಣ್ಣದ ಏನೋ ಒಂದು ಅಲುಗಾಡುತ್ತಿತ್ತು. ಆ ರಾತ್ರಿಯೇ ಇಬ್ಬರೂ ಚೀಲಗಳಿಗೆ ಕಿತ್ತಳೆ ಹೊದಿಕೆ ತರಿಸಿಕೊಂಡೆವು.

ಆದ್ದರಿಂದ ಚೀಲ ಹೊತ್ತುಕೊಂಡೇ ಮತ್ತೊಮ್ಮೆ ಹಾಳೆಯ ಲೆಕ್ಕ ಹಾಕಿ. ಬೆನ್ನು ಮುಚ್ಚಿದರೆ ಚೀಲಕ್ಕೇ ಕಿತ್ತಳೆ ಹೊದಿಕೆ ಹಾಕಿ, ನಾಲ್ಕು ಮೂಲೆಯೂ ಬಿಗಿದಿರಲಿ. ರೇನ್‌ಕೋಟ್ ಕೊಳ್ಳುವಾಗ ಕಿತ್ತಳೆಯದನ್ನೇ ಕೊಳ್ಳಿ. ಈಗಾಗಲೇ ಬೇರೆ ಬಣ್ಣದ್ದಿದ್ದರೆ, ಅದರ ಮೇಲೆ ಹಾಕಲು ಬರುವಷ್ಟು ಸಡಿಲವಾದ ವೆಸ್ಟ್ ಇರಬೇಕು. ಮರದ ಮೇಲಿನ ಅಟ್ಟಣೆಯಲ್ಲಿ ಕೂರುವವರು ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿಗಳನ್ನು ವೆಸ್ಟ್‌ನ ಮೇಲೆ ಕಟ್ಟಿಕೊಂಡು, ಎಷ್ಟು ಬಣ್ಣ ಉಳಿಯಿತೆಂದು ನೋಡಬೇಕು. ಪಟ್ಟಿಯ ಕೊಕ್ಕೆಗೆ ಬಟ್ಟೆ ಸಿಕ್ಕದಂತೆಯೂ ನೋಡಬೇಕು.

ಬಟ್ಟೆಯ ಮರೆಗೂಡಿನೊಳಗೆ ಕುಳಿತರೆ ನೀವು ತೊಟ್ಟ ಬಣ್ಣ ಹೊರಗಿನವರಿಗೆ ಕಾಣದು. ಗೂಡಿನ ಹೊರಗೆ ಎಲ್ಲ ದಿಕ್ಕಿಗೂ ಕಾಣುವಂತೆ ಕಿತ್ತಳೆ ಬಟ್ಟೆ ಕಟ್ಟಿ. ಬೇಟೆಯಾದ ಪ್ರಾಣಿಯನ್ನು ಹೊತ್ತು ತರುವಾಗ ಅದಕ್ಕೂ ಕಿತ್ತಳೆ ಬಟ್ಟೆ ಸುತ್ತಿ, ಹೆಗಲ ಮೇಲೆ ಅಲುಗುವ ಕೊಂಬು ದೂರದವರ ಕಣ್ಣಿಗೆ ಜೀವಂತ ಪ್ರಾಣಿಯೇ. ಜೊತೆಗೆ ನಾಯಿ ಬಂದರೆ ಅದಕ್ಕೂ ಒಂದು ವೆಸ್ಟ್.

8. ಮಬ್ಬು ಬೆಳಕಿನಲ್ಲಿ ಪರೀಕ್ಷಿಸಿ

ಸೂರ್ಯ ಮುಳುಗುವ ಹೊತ್ತಿಗೆ ಪೊದೆಗಳಿರುವ, ಬೇಟೆ ನಡೆಯದ ಜಾಗಕ್ಕೆ ಹೋಗಿ. ಎಲ್ಲ ತೊಟ್ಟು, ಚೀಲ ಹೊತ್ತು ನಿಲ್ಲಿ. ಜೊತೆಗಾರರು ನೂರು ಹೆಜ್ಜೆ ದೂರದಿಂದ ನಿಮ್ಮ ಸುತ್ತ ಒಂದು ಸುತ್ತು ಬರಲಿ. ನಿಂತಾಗ, ಕುಳಿತಾಗ, ಬಗ್ಗಿದಾಗ ಎಂದು ಮೂರು ಸುತ್ತು. ಬಣ್ಣ ಮರೆಯಾದ ಪ್ರತಿ ದಿಕ್ಕನ್ನೂ ಅವರು ಕೂಗಿ ಹೇಳಲಿ.

ಪ್ರತಿ ನಿಲುವಿನಲ್ಲೂ ಒಂದು ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಕೆಂಪು-ಹಸಿರು ಬಣ್ಣಗುರುಡು ಹುಟ್ಟಿನಿಂದಲೇ ಇರುವವರು ಸಾಕಷ್ಟಿದ್ದಾರೆ, ಹೆಂಗಸರಿಗಿಂತ ಗಂಡಸರಲ್ಲಿ ಅದು ಬಹಳ ಹೆಚ್ಚು. ನಿಮ್ಮತ್ತ ಬಂದೂಕು ಎತ್ತುವವರು ಅಂಥವರೇ ಆಗಿರಬಹುದು. ಅವರಿಗೆ ಸಿಗುವ ಸುಳಿವಿನ ದೊಡ್ಡ ಪಾಲು ಬಣ್ಣಕ್ಕಿಂತ ಹೊಳಪಿನಲ್ಲಿದೆ. ಕಪ್ಪು-ಬಿಳುಪಿನಲ್ಲಿ ಉಡುಪು ಹಿನ್ನೆಲೆಗಿಂತ ಬೆಳ್ಳಗೆ, ಒಂದೇ ದೊಡ್ಡ ತುಂಡಾಗಿ ಕಂಡರೆ ಸರಿ. ಚಿತ್ತಾರದ ಕಿತ್ತಳೆ ಇಲ್ಲಿ ಚೂರುಚೂರಾಗಿ ಒಡೆಯುತ್ತದೆ. ನಿಯಮ ಅದನ್ನು ಒಪ್ಪಿದರೂ ನಾನು ಒಪ್ಪದಿರುವುದು ಈ ಕಾರಣಕ್ಕೆ.

9. ಒಗೆಯುವುದು, ಒಣಗಿಸುವುದು, ಬದಲಿಸುವುದು

ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ. ಬ್ಲೀಚ್ ಬಣ್ಣವನ್ನೇ ಕೊಲ್ಲುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣ ಬೆವರು ಹೀರುವ ಗುಣವನ್ನೂ ನೀರು ಜಾರಿಸುವ ಲೇಪವನ್ನೂ ಕೆಡಿಸುತ್ತದೆ. ಬಟ್ಟೆ ಬೆಳ್ಳಗೆ ಹೊಳೆಯಲೆಂದು ಹಲವು ಸಾಬೂನು ಪುಡಿಗಳಲ್ಲಿ ಬೆರೆಸುವ ಹೊಳಪುಕಾರಕ ಅತಿನೇರಳೆ ಬೆಳಕಿಗೆ ನೀಲಿಯಾಗಿ ಬೆಳಗುತ್ತದೆ. ಜಿಂಕೆಗೆ ನೀಲಿ ಚೆನ್ನಾಗಿ ಕಾಣುತ್ತದೆ. ಹೊಳಪುಕಾರಕ ಇಲ್ಲದ ಪುಡಿ ಬಳಸಿ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಕಿತ್ತಳೆ ಕಿತ್ತಳೆಯಾಗಿ ಉರಿಯಬೇಕು, ಪ್ಯಾಂಟು ಮತ್ತು ಒಳ ಅಂಗಿ ನೀಲಿ-ಬಿಳಿಯಾಗಿ ಹೊಳೆಯಬಾರದು.

ಹಂಗಾಮು ಮುಗಿದ ಮೇಲೆ ಕಾರಿನ ಹಿಂದಿನ ಗಾಜಿನ ಕೆಳಗೆ ಬಿಟ್ಟುಬಿಡುವುದು ಈ ಉಡುಪಿಗೆ ಮಾಡುವ ದೊಡ್ಡ ಕೇಡು. ಬಿಸಿಲು ಮೊದಲು ತಿನ್ನುವುದು ಆ ಮಿರುಗನ್ನೇ, ಮತ್ತದು ನಿಧಾನವಾಗಿ ಹೋಗುವುದರಿಂದ ದಿನವೂ ನೋಡುವವರಿಗೆ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳಲು ಜೇಬಿನ ಮುಚ್ಚಳವನ್ನು ಎತ್ತಿ. ಅದರಡಿಯ ಬಟ್ಟೆ ಬಿಸಿಲು ಕಾಣದೆ ಕೊಂಡ ದಿನದ ಬಣ್ಣದಲ್ಲೇ ಇರುತ್ತದೆ. ಪಕ್ಕದ ಬಟ್ಟೆಗೂ ಅದಕ್ಕೂ ತೋಳಳತೆ ದೂರದಿಂದ ವ್ಯತ್ಯಾಸ ಕಂಡರೆ ಹೊಸದು ಕೊಳ್ಳಿ. ಹಳೆಯದನ್ನು ಬೇರೆಯವರಿಗೆ ಕೊಡಬೇಡಿ, ಕತ್ತರಿಸಿ ಬಂದೂಕು ಒರೆಸುವ ಬಟ್ಟೆ ಮಾಡಿಕೊಳ್ಳಿ.